ನಾಗಂದಿಗೆಯೂ ಸಾಬೂನಿನ ತೊಟ್ಟೂ

ಮನೆಯ ಮರಮುಟ್ಟಿಗೆ ಶತ್ರುಗಳು ಯಾವುವೆಂದು ಕೇಳಿದರೆ, ಗೆದ್ದಲು, ಬೆಂಕಿ, ಸೋರುವ ಮಾಳಿಗೆ ಎಂದು ಮೂರನ್ನು ಯಾರಾದರೂ ಹೇಳಬಲ್ಲರು. ಇವುಗಳ ವಿಷಯದಲ್ಲಿ ನಾವು ಎಚ್ಚರವಾಗಿಯೇ ಇರುತ್ತೇವೆ. ನಾಲ್ಕನೆಯದೊಂದು ಉಂಟು. ಅದನ್ನು ಶತ್ರುವೆಂದು ಯಾರೂ ಎಣಿಸುವುದಿಲ್ಲ. ಏಕೆಂದರೆ ಅದು ಶುಚಿತ್ವದ ವೇಷವನ್ನು ಧರಿಸಿ ಬರುತ್ತದೆ. ಬಟ್ಟೆ ಒಗೆಯುವ ಕೋಣೆಯಲ್ಲಿ, ಸಾಬೂನುದ್ರವದ ಶೀಶೆಯ ಮೈಮೇಲೆ ಜಾರಿ, ದಿನಕ್ಕೊಂದರಂತೆ ಮರದ ಹಲಗೆಗೆ ಇಳಿಯುವ ತೊಟ್ಟೇ ಆ ಶತ್ರು.

ಬೆಂಗಳೂರಿನಲ್ಲಿ ಸಂಸಾರ ಮಾಡಿಕೊಂಡಿರುವ ವಾಚಕ ಸೋದರಿಯೊಬ್ಬರು ಬರೆದ ಕಾಗದವು ಈ ತಿಂಗಳ ಲೇಖನಕ್ಕೆ ನಿಮಿತ್ತವಾಯಿತು. ಮಲೆನಾಡಿನಲ್ಲಿದ್ದ ಅವರ ಅತ್ತೆಯವರ ಮನೆಯನ್ನು ಮಾರಬೇಕಾಗಿ ಬಂದಾಗ, ಆ ಮನೆಯ ಗುರುತಾಗಿ ಉಳಿದುದು ಆರಡಿ ಉದ್ದದ ಒಂದು ತೇಗದ ಹಲಗೆ ಮಾತ್ರ. ಅದನ್ನು ತಂದು, ಸ್ಥಳವಿಲ್ಲದ ಕಾರಣ, ಒಗೆಯುವ ಯಂತ್ರದ ಮೇಲೆ ಗೋಡೆಗೆ ಹಾಕಿಸಿದರಂತೆ. ಈಗ ನಾಲ್ಕು ವರ್ಷಗಳಾಗಿವೆ. ಹಲಗೆಯ ಒಂದು ಮೂಲೆ ಕಪ್ಪಾಗಿದೆ; ನಡುವೆ ಬಿಳಿಯ ಕಲೆಗಳೆದ್ದು ಮರದ ಎಳೆಗಳು ಹತ್ತಿಯಂತೆ ನವಿರೆದ್ದಿವೆ; ಬಲತುದಿಯನ್ನು ಒತ್ತಿದರೆ ಉಗುರು ಒಳಕ್ಕಿಳಿಯುತ್ತದೆ. ಯಜಮಾನರು ಅದನ್ನು ತೆಗೆದುಹಾಕಿ ಪ್ಲಾಸ್ಟಿಕ್ಕಿನ ಗೂಡನ್ನು ತರೋಣವೆನ್ನುತ್ತಾರೆ. ಅತ್ತೆಯವರು ಏನನ್ನೂ ಹೇಳುವುದಿಲ್ಲ. ಆದರೆ ಆ ಮಾತು ಬಂದಾಗಲೆಲ್ಲ ಎದ್ದು ಹೋಗುತ್ತಾರೆ. "ಇದನ್ನು ಉಳಿಸಬಹುದೇ, ಅಥವಾ ಉಳಿಸುವ ಆಸೆಯೇ ತಪ್ಪೇ?" ಎಂದು ಆ ಸೋದರಿಯು ಕೇಳಿದ್ದಾರೆ. ಪ್ರಶ್ನೆಯು ಹಲಗೆಯದು ಮಾತ್ರವಲ್ಲವಾದುದರಿಂದ ವಿವರವಾಗಿಯೇ ಉತ್ತರಿಸಬೇಕಾಗಿದೆ.

ಗೋಡೆಯ ಹಲಗೆಗೆ ನಮ್ಮಲ್ಲಿ ನಾಗಂದಿಗೆಯೆಂಬ ಸೊಗಸಾದ ಹೆಸರುಂಟು. ಸಂಸ್ಕೃತದಲ್ಲಿ ನಾಗದಂತವೆಂದರೆ ಆನೆಯ ಕೊಂಬು. ಗೋಡೆಯಿಂದ ಕೊಂಬಿನಂತೆ ಹೊರಚಾಚಿದ ಗೂಟಕ್ಕೂ ಅದೇ ಹೆಸರು. ಆ ಗೂಟಗಳ ಮೇಲೆ ಕುಳಿತ ಹಲಗೆಯು ನಾಗಂದಿಗೆಯಾಯಿತು. ನಮ್ಮ ಹಿರಿಯರು ಅದರ ಮೇಲೆ ಹಿತ್ತಾಳೆಯ ಪಾತ್ರೆಗಳನ್ನೋ, ಪಂಚಾಂಗ ಪುಸ್ತಕಗಳನ್ನೋ, ಉಪ್ಪಿನಕಾಯಿಯ ಭರಣಿಗಳನ್ನೋ ಇಡುತ್ತಿದ್ದರು. ಬಟ್ಟೆ ಒಗೆಯುವ ಕೆಲಸವು ನಡೆಯುತ್ತಿದ್ದುದು ಹಿತ್ತಲಿನ ಕಲ್ಲಿನ ಮೇಲೆ, ಇಲ್ಲವೆ ಕೆರೆಯ ಸೋಪಾನದ ಮೇಲೆ. ಕಲ್ಲು ಎಲ್ಲವನ್ನೂ ಸಹಿಸುತ್ತದೆ. ಚೆಲ್ಲಿದ್ದನ್ನು ಒಂದು ತಂಬಿಗೆ ನೀರು ಕೊಚ್ಚಿಕೊಂಡು ಹೋಗುತ್ತಿತ್ತು. ಈಗ ಒಗೆಯುವ ಕೆಲಸವು ಮನೆಯ ಒಳಕ್ಕೆ ಬಂದಿದೆ. ಅದರೊಡನೆ ಕ್ಷಾರವೂ ಒಳಕ್ಕೆ ಬಂದು, ಅದಕ್ಕಾಗಿ ಸಿದ್ಧಪಡಿಸದ ಮರದ ಮೇಲೆ ಕುಳಿತಿದೆ. ರೋಗದ ಮೂಲ ಇದೇ.

ಒಗೆಯುವ ಸಾಮಗ್ರಿಯೂ ಬದಲಾಗಿದೆ. ಅಂಟುವಾಳಕ್ಕೆ ಸಂಸ್ಕೃತದಲ್ಲಿ ಫೇನಿಲ, ಎಂದರೆ ನೊರೆಯುಳ್ಳದ್ದು ಎಂದು ಹೆಸರು. ಅದರ ನೊರೆ ಮೃದು. ಸೀಗೆಯ ನೀರಂತೂ ಸ್ವಲ್ಪ ಆಮ್ಲಗುಣವುಳ್ಳದ್ದು. ತೀಕ್ಷ್ಣವಾದುದೆಂದರೆ ಅಗಸರು ಬಳಸುತ್ತಿದ್ದ ಚೌಳುಮಣ್ಣು; ಅದನ್ನು ಯಾರೂ ನಾಗಂದಿಗೆಯ ಮೇಲೆ ಇಡುತ್ತಿರಲಿಲ್ಲ. ೧೯೫೯ರಲ್ಲಿ ಸರ್ಫ್, ೧೯೬೯ರಲ್ಲಿ ನಿರ್ಮಾ ನಮ್ಮ ದೇಶದ ಪೇಟೆಗೆ ಬಂದುವು; ಅಂದಿನಿಂದ ಮಾರ್ಜಕದ ಪುಡಿಯು ಮನೆಮನೆಯ ಪದಾರ್ಥವಾಯಿತು. ಯಂತ್ರವು ಬಂದ ಮೇಲೆ ದ್ರವರೂಪದ ಮಾರ್ಜಕವೂ, ಬಟ್ಟೆಯನ್ನು ಮೆದುಗೊಳಿಸುವ ದ್ರವವೂ, ಬಿಳಿಮಾಡುವ ಬ್ಲೀಚೂ ಶೀಶೆಗಳಲ್ಲಿ ಸಾಲಾಗಿ ನಿಂತಿವೆ.

ಇನ್ನು ತೊಟ್ಟು ಮರವನ್ನು ಹೇಗೆ ಕೆಡಿಸುತ್ತದೆಂಬುದನ್ನು ತಿಳಿಯೋಣ. ಕೆಸುವಿನ ಎಲೆಯ ಮೇಲೆ ಒಂದು ಹನಿ ಶುದ್ಧಜಲವನ್ನು ಹಾಕಿರಿ. ಅದು ಮುತ್ತಿನಂತೆ ಉರುಳುತ್ತದೆ. ಅದಕ್ಕೆ ಸಾಬೂನುನೀರನ್ನು ಸೋಕಿಸಿರಿ. ಮುತ್ತು ಮುರಿದು ಎಲೆಗೆ ಹರಡಿಕೊಳ್ಳುತ್ತದೆ. ನೀರಿನ ಮೇಲ್ಮೈಯಲ್ಲಿ ತನ್ನನ್ನು ತಾನೇ ಬಿಗಿಹಿಡಿಯುವ ಒಂದು ಸೆಳೆತವುಂಟು. ಮಾರ್ಜಕವು ಆ ಸೆಳೆತವನ್ನು ಅರ್ಧಕ್ಕೂ ಕಡಮೆ ಮಾಡುತ್ತದೆ. ಬಟ್ಟೆಯ ನೂಲಿನೊಳಗೆ ನೀರು ನುಗ್ಗಿ ಕೊಳೆಯನ್ನು ಎಬ್ಬಿಸುವುದು ಈ ಗುಣದಿಂದಲೇ. ಬಟ್ಟೆಗೆ ಗುಣವಾದುದು ಮರಕ್ಕೆ ದೋಷವಾಗುತ್ತದೆ. ಬರಿಯ ನೀರು ಹೋಗಲಾರದ ಸೂಕ್ಷ್ಮ ಬಿರುಕುಗಳೊಳಕ್ಕೆ ಮಾರ್ಜಕದ ನೀರು ಹೋಗುತ್ತದೆ.

ಎರಡನೆಯದು ಕ್ಷಾರಗುಣ. ಪುಡಿಮಾರ್ಜಕದಲ್ಲಿ ಒಗೆಯುವ ಸೋಡಾ ಇರುವುದರಿಂದ ಅದು ಪ್ರಬಲ ಕ್ಷಾರ. ಒಣಗಿದ ಪುಡಿ ಅಷ್ಟಾಗಿ ಕೆಡಿಸದು. ಒದ್ದೆಯಾದ ಪುಡಿ ಮಾತ್ರ ಹಲಗೆಗೆ ಅಂಟಿದ ಕ್ಷಾರದ ಗಂಜಿಯಾಗಿ, ಮರದ ಎಳೆಗಳನ್ನು ಊದಿಸಿ, ಬಣ್ಣವನ್ನು ಕಂದಿಸುತ್ತದೆ. ದ್ರವಮಾರ್ಜಕದಲ್ಲಿ ಕ್ಷಾರ ಕಡಮೆ. ಆದರೆ ಅದು ಬೇಗ ಒಣಗುವುದಿಲ್ಲ. ಅಂಟಾಗಿ ಉಳಿದು, ಗಾಳಿಯ ತೇವವನ್ನೂ ಧೂಳನ್ನೂ ಹಿಡಿದುಕೊಂಡಿರುತ್ತದೆ.

ಮರದ ಸ್ವಭಾವವನ್ನೂ ಅರಿತಿರಬೇಕು. ಹಲಗೆಯೆಂಬುದು ಉದ್ದಕ್ಕೆ ಜೋಡಿಸಿದ ಅಸಂಖ್ಯ ಸಣ್ಣ ಕೊಳವೆಗಳ ಕಟ್ಟು. ಅದರ ಅಗಲವಾದ ಮುಖದಲ್ಲಿ ಕೊಳವೆಗಳ ಮಗ್ಗುಲು ಕಾಣುತ್ತದೆ. ಅಡ್ಡ ಕೊಯ್ದ ತುದಿಯಲ್ಲಿ ಕೊಳವೆಗಳ ಬಾಯಿ ಕಾಣುತ್ತದೆ. ಆದಕಾರಣ ತುದಿಯು ಮುಖಕ್ಕಿಂತ ಬಹುಪಾಲು ವೇಗವಾಗಿ ನೀರನ್ನು ಕುಡಿಯುತ್ತದೆ. ಮುಖಕ್ಕೆ ಮಾತ್ರ ಮೆರುಗನ್ನು ಹಚ್ಚಿ ತುದಿಗಳನ್ನು ಬರಿದಾಗಿ ಬಿಡುವುದು ನಮ್ಮಲ್ಲಿ ಸಾಮಾನ್ಯ. ಬಾಗಿಲನ್ನು ಹಾಕಿ ಕಿಟಕಿಯನ್ನು ತೆರೆದಿಟ್ಟಂತೆ ಅದು. ಮರದ ತೇವಾಂಶವು ಅದರ ಒಣತೂಕದ ನೂರಕ್ಕೆ ೨೦ರ ಒಳಗಿರುವವರೆಗೆ ಕೊಳೆಸುವ ಬೂಜು ಬೆಳೆಯಲಾರದು. ಅದನ್ನು ಮೀರಿ ಬಹುಕಾಲ ಒದ್ದೆಯಾಗಿದ್ದರೆ ಬೂಜಿಗೆ ಆಹ್ವಾನವಿತ್ತಂತೆಯೇ. ತೇಗದ ಕೆಚ್ಚು ಬಹುಕಾಲ ತಡೆಯುತ್ತದೆ. ಆದರೆ ತೊಗಟೆಗೆ ಸಮೀಪದ ಬಿಳಿಯ ಭಾಗವು ತೇಗವೆಂಬ ಹೆಸರಿದ್ದ ಮಾತ್ರಕ್ಕೆ ತಡೆಯುವುದಿಲ್ಲ.

ಈಗ ಕಲೆಗಳನ್ನು ಓದಲು ಕಲಿಯೋಣ. ಮೊಳೆಯ ಸುತ್ತ, ಕಬ್ಬಿಣದ ತೋಳಿನ ಮೇಲೆ ಕಾಣುವ ಕಪ್ಪು, ಮಸಿಯೇ ಸರಿ. ಅಣಲೆಕಾಯಿಯ ಕಷಾಯಕ್ಕೆ ಕಬ್ಬಿಣವನ್ನು ಸೇರಿಸಿ ಹಿಂದೆ ಮಸಿಯನ್ನು ಮಾಡುತ್ತಿದ್ದರಷ್ಟೆ. ಮರದಲ್ಲಿರುವ ಒಗರು ಪದಾರ್ಥವೂ ಮೊಳೆಯ ತುಕ್ಕೂ ನೀರಿನಲ್ಲಿ ಕೂಡಿದರೆ ಅದೇ ಮಸಿ ಹಲಗೆಯೊಳಗೇ ಸಿದ್ಧವಾಗುತ್ತದೆ. ಬಿಳಿಯ ಕಲೆಯಲ್ಲಿ ಎರಡು ಬಗೆ. ಒದ್ದೆಬಟ್ಟೆಯಿಂದ ಒರೆಸಿದರೆ ಹೋಗುವಂಥದು ಒಣಗಿದ ಮಾರ್ಜಕ. ಹೋಗದೆ, ಎಳೆಗಳು ನವಿರೆದ್ದಿದ್ದರೆ ಅದು ಬ್ಲೀಚಿನ ಕೆಲಸ. ಎಳೆಗಳನ್ನು ಬಂಧಿಸಿರುವ ಪದಾರ್ಥವನ್ನೇ ಅದು ತಿಂದಿರುತ್ತದೆ. ಇವೆರಡೂ ರೂಪಕ್ಕೆ ಬಂದ ಕುಂದುಗಳು. ಮೂರನೆಯದಾದ ಮೆತ್ತನೆಯ ಭಾಗವು ಪ್ರಾಣಕ್ಕೆ ಬಂದ ಕುಂದು. ದಬ್ಬಣದ ಮೊನೆಯನ್ನು ಚುಚ್ಚಿ ನೋಡಿರಿ. ಗಟ್ಟಿಮರವು ಎದುರು ನಿಲ್ಲುತ್ತದೆ, ಮೀಟಿದರೆ ಉದ್ದವಾದ ಸಿಬಿರು ಏಳುತ್ತದೆ. ಕೊಳೆತ ಮರದಲ್ಲಿ ಮೊನೆ ಸಲೀಸಾಗಿ ಇಳಿಯುತ್ತದೆ, ಎಳೆಯು ಚೂರುಚೂರಾಗಿ ಮುರಿಯುತ್ತದೆ.

ರಕ್ಷಣೆಯ ಉಪಾಯಗಳು ಮೂರು: ತೊಟ್ಟನ್ನು ಮರಕ್ಕೆ ಮುಟ್ಟಗೊಡದಿರುವುದು, ಮುಟ್ಟಿದುದನ್ನು ಒಡನೆ ತೆಗೆಯುವುದು, ತೆಗೆಯುವುದರೊಳಗೆ ಇಂಗದಂತೆ ಲೇಪವಿರುವುದು. ಇವುಗಳಲ್ಲಿ ಮೊದಲನೆಯದೇ ಮುಖ್ಯ. ಅದೇ ಅಗ್ಗವೂ ಹೌದು.

ಶೀಶೆಗಳನ್ನು ಅಂಚುಳ್ಳ ಒಂದು ತಟ್ಟೆಯಲ್ಲಿ ನಿಲ್ಲಿಸಿರಿ. ತಟ್ಟೆಯು ಎಷ್ಟು ದೊಡ್ಡದಿರಬೇಕೆಂಬುದಕ್ಕೆ ಶಾಲೆಯ ಲೆಕ್ಕವೇ ಸಾಕು. ೩೦ ಸೆಂಟಿಮೀಟರು ಉದ್ದ, ೨೦ ಅಗಲ, ೨ ಎತ್ತರದ ಅಂಚುಳ್ಳ ತಟ್ಟೆಯಲ್ಲಿ ೧೨೦೦ ಘನ ಸೆಂಟಿಮೀಟರು, ಎಂದರೆ ಒಂದೂಕಾಲು ಲೀಟರಿಗೆ ಸ್ವಲ್ಪ ಕಡಮೆ ಹಿಡಿಯುತ್ತದೆ. ಒಂದು ಲೀಟರಿನ ಶೀಶೆ ಪೂರ್ತಿ ಸೋರಿದರೂ ಮರಕ್ಕೆ ತೊಟ್ಟು ಬೀಳದು. ತಟ್ಟೆಯು ತುಕ್ಕುಹಿಡಿಯದ ಉಕ್ಕಿನದೋ, ಪಿಂಗಾಣಿಯದೋ, ದಪ್ಪ ಪ್ಲಾಸ್ಟಿಕ್ಕಿನದೋ ಆಗಿರಲಿ. ಸಾಮಾನ್ಯ ಕಬ್ಬಿಣದ ತಗಡು ತುಕ್ಕಿನ ಕಲೆಯನ್ನು ಕೊಡುತ್ತದೆ. ಅಲ್ಯೂಮಿನಿಯಮ್ಮನ್ನು ಸೋಡಾಕ್ಷಾರವು ತಿನ್ನುತ್ತದೆ. ತಟ್ಟೆಯ ಕೆಳಗೆ ನಾಲ್ಕು ಮೂಲೆಗಳಲ್ಲಿ ರಬ್ಬರಿನ ಗುಂಡಿಗಳನ್ನು ಅಂಟಿಸಿದರೆ ಗಾಳಿಯಾಡುವುದು. ಹಲಗೆಯ ಮೇಲೆ ವೃತ್ತಪತ್ರಿಕೆಯನ್ನೋ ಹಳೆಯ ಬಟ್ಟೆಯನ್ನೋ ಹಾಸುವ ರೂಢಿ ಒಳ್ಳೆಯದಲ್ಲ. ಅವು ತೊಟ್ಟನ್ನು ಕಣ್ಣಿಗೆ ಮರೆಮಾಡಿ, ಮರದ ಮೇಲೆ ಒದ್ದೆಯನ್ನು ಹಿಡಿದಿಡುತ್ತವೆ.

ಪುಡಿಯನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿಯೂ, ಅದರ ಅಳತೆಯ ಚಮಚವನ್ನು ಡಬ್ಬಿಯ ಒಳಗೇ ಇಡತಕ್ಕದ್ದು. ಡಬ್ಬಿಯ ಮೇಲೆ ಹೆಸರು ಬರೆದಿರಲಿ. ತಿಂಡಿಯ ಡಬ್ಬಿಯನ್ನು ಎಂದಿಗೂ ಇದಕ್ಕೆ ಬಳಸಕೂಡದು. ಬಣ್ಣಬಣ್ಣದ ದ್ರವಗಳು ಎಳೆಯ ಮಕ್ಕಳ ಕಣ್ಣಿಗೆ ಪಾನಕದಂತೆ ಕಾಣುತ್ತವೆ. ಅವು ಮಕ್ಕಳ ಕೈಗೆ ಎಟುಕದಂತಿರಬೇಕು. ಹಾಗೆಂದು ನಿಮ್ಮ ತಲೆಗಿಂತ ಮೇಲೆಯೂ ಬೇಡ. ಅಲ್ಲಿಂದ ಜಾರಿದ ಬ್ಲೀಚು ಕಣ್ಣಿಗೇ ಬೀಳುವುದು. ದೊಡ್ಡವರ ಎದೆಯೆತ್ತರದಲ್ಲಿ, ಚಿಲಕವಿರುವ ಗೂಡು ಸರ್ವೋತ್ತಮ.

ಎರಡನೆಯ ಉಪಾಯ ಒರೆಸುವುದು. ಇದಕ್ಕೂ ಕ್ರಮವುಂಟು. ದ್ರವವು ಚೆಲ್ಲಿದರೆ ಮೊದಲು ಒಣಬಟ್ಟೆಯಿಂದ ಹೀರಿ ತೆಗೆಯಿರಿ. ಮೊದಲೇ ನೀರು ಹಾಕಿದರೆ ನೊರೆಯೆದ್ದು ಅಂಗೈಯಗಲದ ಕಲೆ ಮೊಳದಗಲವಾಗುವುದು. ಆಮೇಲೆ ಹಿಂಡಿದ ಒದ್ದೆಬಟ್ಟೆಯಿಂದ ಎರಡು ಸಲ, ಕೊನೆಗೆ ಒಣಬಟ್ಟೆಯಿಂದ ಒಂದು ಸಲ ಒರೆಸಬೇಕು. ಪುಡಿಯು ಚೆಲ್ಲಿದರೆ ಒಣಕುಂಚದಿಂದ ಗುಡಿಸಿ ತೆಗೆದ ಮೇಲೆಯೇ ನೀರಿನ ಮಾತು. ಕ್ಷಾರವು ಪೂರ್ತಿ ಹೋಯಿತೋ ಇಲ್ಲವೋ ಎಂಬುದನ್ನು ಪರೀಕ್ಷಿಸಲು ಅಂಗಡಿಗೆ ಹೋಗಬೇಕಾದುದಿಲ್ಲ. ಅರಿಸಿನದ ನೀರಿನಲ್ಲಿ ಅದ್ದಿ ಒಣಗಿಸಿದ ಬಿಳಿಯ ಕಾಗದದ ತುಂಡನ್ನು ತುಸು ಒದ್ದೆಮಾಡಿ, ಹಲಗೆಯ ಮೇಲೆ ಒತ್ತಿಹಿಡಿಯಿರಿ. ಅದು ಕೆಂಪಾದರೆ ಕ್ಷಾರ ಉಳಿದಿದೆ, ಇನ್ನೊಮ್ಮೆ ಒರೆಸಿರಿ. ಅರಿಸಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುವುದನ್ನು ಆರತಿಯ ತಟ್ಟೆಯಲ್ಲಿ ಕಂಡ ಗೃಹಿಣಿಯರಿಗೆ ಇದು ಹೊಸದಲ್ಲ.

ಮೂರನೆಯದು ಲೇಪ. ಇಲ್ಲಿ ಒಂದು ಭ್ರಾಂತಿಯನ್ನು ನಿವಾರಿಸಬೇಕಾಗಿದೆ. ಹಳೆಯ ಮರಕ್ಕೆ ಹಳೆಯ ಲೇಪವೇ ಶ್ರೇಷ್ಠವೆಂದು ಅನೇಕರು ಅರಗಿನ ಪಾಲಿಷನ್ನು ಹಚ್ಚಿಸುತ್ತಾರೆ. ಅರಗು ಸಾಮಾನ್ಯ ವಸ್ತುವಲ್ಲ. ಚನ್ನಪಟ್ಟಣದ ಬೊಂಬೆಗಳ ಹೊಳಪು ಅದರಿಂದಲೇ ಬಂದುದು. ೧೯೩೭ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾಗಿ ಈಗ ಚುನಾವಣೆಯ ಅಳಿಸಲಾಗದ ಶಾಯಿಗೆ ಹೆಸರಾದ ಕಾರ್ಖಾನೆಯು ಆರಂಭದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯೆಂದೇ ಕರೆಯಿಸಿಕೊಂಡಿತ್ತು. ಪಡಸಾಲೆಯ ಕುರ್ಚಿಗೆ ಅರಗಿಗಿಂತ ಮಿಗಿಲಾದ ಮೆರುಗಿಲ್ಲ. ಆದರೆ ಅರಗು ಕ್ಷಾರದಲ್ಲಿ ಕರಗುತ್ತದೆ. ಸೋಡಾ ಬೀಳುವ ಸ್ಥಳದಲ್ಲಿ ಅದನ್ನು ಹಚ್ಚುವುದು ಮಳೆಗೆ ಬೆಲ್ಲದ ಗೋಡೆಯನ್ನು ಕಟ್ಟಿದಂತೆ. ಅಗಸೆಯೆಣ್ಣೆಯೂ ಇಲ್ಲಿ ನಿಲ್ಲುವುದಿಲ್ಲ. ಎಣ್ಣೆಗೆ ಕ್ಷಾರ ಸೇರಿದರೆ ಸಾಬೂನಾಗುವುದೆಂಬುದು ಸಾಬೂನು ಕಾಯಿಸುವ ವಿದ್ಯೆಯ ಮೊದಲ ಪಾಠವಲ್ಲವೆ? ಮೇಣವನ್ನು ಮಾರ್ಜಕವು ಕೊಳೆಯೊಡನೆ ಎಬ್ಬಿಸಿಕೊಂಡು ಹೋಗುತ್ತದೆ. ಈ ಸ್ಥಳಕ್ಕೆ ತಕ್ಕುದು ಪಾಲಿಯುರೆಥೇನ್ ಎಂಬ ವಾರ್ನಿಷು. ಅದು ಗಟ್ಟಿಯಾದ ಮೇಲೆ ಮನೆಬಳಕೆಯ ಸಾಬೂನುನೀರನ್ನು ಚೆನ್ನಾಗಿ ತಡೆಯುತ್ತದೆ.

ಹಚ್ಚುವ ಕ್ರಮ ಹೀಗೆ: ಹಲಗೆಯನ್ನು ಗೋಡೆಯಿಂದ ಬಿಚ್ಚಿ, ತೊಳೆದು, ನೆರಳಿನಲ್ಲಿ ಒಂದು ವಾರಕ್ಕೆ ಕಡಮೆಯಿಲ್ಲದೆ ಒಣಗಿಸಿ, ಬಡಗಿಗಳು ಉಪ್ಪುಕಾಗದವೆನ್ನುವ ಮರಳುಕಾಗದದಿಂದ ಎಳೆಯ ದಿಕ್ಕಿಗೇ ಉಜ್ಜತಕ್ಕದ್ದು, ಮೊದಲು ೧೨೦ನೆಯ ನಂಬರು, ಬಳಿಕ ೧೮೦, ಕೊನೆಗೆ ೨೨೦. ಧೂಳನ್ನು ಒರೆಸಿ ತೆಳ್ಳಗೆ ಮೂರು ಸಲ ಲೇಪಿಸಬೇಕು. ನಡುವೆ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒಣಗಬೇಕು. ಮೇಲುಮುಖ, ಕೆಳಮುಖ, ಎರಡು ಅಂಚು, ಎರಡು ತುದಿ, ಹೀಗೆ ಆರೂ ಮುಖಗಳಿಗೆ ಹಚ್ಚಬೇಕು. ಒಂದೇ ಮುಖಕ್ಕೆ ಹಚ್ಚಿದರೆ ತೇವವು ಇನ್ನೊಂದು ಮುಖದಿಂದ ಹೋಗಿ ಬಂದು ಹಲಗೆ ದೋಣಿಯಂತೆ ಬಾಗುವುದು. ತುದಿಗಳಿಗೂ ಮೊಳೆಯ ತೂತುಗಳ ಒಳಕ್ಕೂ ಒಂದು ಸಲ ಹೆಚ್ಚಾಗಿಯೇ ಹಚ್ಚಿರಿ.

ಕೆಲಸಕ್ಕೆ ಕಾಲವೂ ಮುಖ್ಯ. ಆಗುಂಬೆಯಲ್ಲಿ ವರ್ಷಕ್ಕೆ ೭೦೦೦ ಮಿಲಿಮೀಟರಿಗೂ ಮೀರಿ ಮಳೆ ಬೀಳುವುದುಂಟು. ಅಂಥ ಸೀಮೆಯಲ್ಲಿಯೂ ಕರಾವಳಿಯಲ್ಲಿಯೂ ಆಷಾಢ ಶ್ರಾವಣಗಳಲ್ಲಿ ಲೇಪಿಸಿದರೆ ತೇವವನ್ನು ಮರದೊಳಗೆ ಬಂಧಿಸಿದಂತಾಗುವುದು. ಮಾಘ ಫಾಲ್ಗುಣಗಳು ಪ್ರಶಸ್ತ. ಬಯಲುಸೀಮೆಯವರಿಗೆ ತೇವದ ಭಯ ಕಡಮೆ, ಬಿರುಕಿನ ಭಯ ಹೆಚ್ಚು. ಅವರು ಲೇಪಕ್ಕೆ ಮುಂಚೆ ಬಿರುಕುಗಳನ್ನು ತುಂಬಿಸತಕ್ಕದ್ದು. ಎಲ್ಲರೂ ಹಲಗೆಗೂ ಗೋಡೆಗೂ ನಡುವೆ ಬೆರಳಗಲದ ಸಂದನ್ನು ಬಿಡಬೇಕು.

ಎರಡು ಅಪಾಯಗಳನ್ನು ಹೇಳದೆ ಮುಂದೆ ಹೋಗಲಾರೆ. ಹಳೆಯ ಕಲೆಗೆ ಒಂದು ಲೋಟ ನೀರಿಗೆ ಒಂದು ಚಮಚ ವಿನಿಗರನ್ನು ಬೆರೆಸಿ ಒರೆಸಿದರೆ ಉಳಿದ ಕ್ಷಾರವು ಶಮನವಾಗುವುದು ನಿಜ. ಆದರೆ ಬ್ಲೀಚು ಬಿದ್ದ ಸ್ಥಳಕ್ಕೆ ವಿನಿಗರನ್ನಾಗಲಿ ನಿಂಬೆರಸವನ್ನಾಗಲಿ ಎಂದಿಗೂ ಹಾಕಕೂಡದು. ಆಮ್ಲ ಸೋಕಿದ ಬ್ಲೀಚಿನಿಂದ ಕ್ಲೋರಿನ್ ಎಂಬ ವಿಷವಾಯು ಹೊರಡುತ್ತದೆ. ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಉಸಿರಿಗೇ ಮುಳುವಾಗಬಹುದು. ಎರಡನೆಯದು, ಮನೆಯ ಬೇರೆ ಮರಮುಟ್ಟಿಗೆ ಅಗಸೆಯೆಣ್ಣೆಯನ್ನು ಹಚ್ಚುವವರಿಗೆ ಎಚ್ಚರಿಕೆ. ಆ ಎಣ್ಣೆ ಒಣಗುವಾಗ ಶಾಖವು ಹುಟ್ಟುತ್ತದೆ. ಎಣ್ಣೆಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ಆ ಶಾಖ ಒಳಗೇ ಸೇರಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಅದನ್ನು ನೀರಿನಲ್ಲಿ ನೆನೆಸಿ, ಬಯಲಿನಲ್ಲಿ ಹರಡಿ ಒಣಗಿಸಬೇಕು.

ಇನ್ನು ಕಾಗದ ಬರೆದ ಸೋದರಿಗೆ ಉತ್ತರ. ಅಮ್ಮಾ, ನಿಮ್ಮ ಹಲಗೆಯ ಕಪ್ಪೂ ಬಿಳುಪೂ ವಾಸಿಯಾಗತಕ್ಕ ವ್ಯಾಧಿಗಳು. ಉಜ್ಜಿದರೆ ಬಿಳಿಯ ನವಿರು ಹೋಗುವುದು. ಕಪ್ಪಿಗೆ ಬಡಗಿಗಳು ಆಕ್ಸಾಲಿಕ್ ಆಮ್ಲವನ್ನು ಬಳಸುತ್ತಾರೆ. ಅದು ವಿಷವಾದುದರಿಂದ ಬಲ್ಲ ಬಡಗಿಯ ಕೈಯಲ್ಲಿಯೇ ಮಾಡಿಸಿರಿ, ನೀವು ಪ್ರಯತ್ನಿಸಬೇಡಿರಿ. ಬ್ಲೀಚಿನ ಶೇಷವನ್ನು ಮುಂಚೆಯೇ ಚೆನ್ನಾಗಿ ತೊಳೆಯಬೇಕೆಂಬುದನ್ನು ಅವನಿಗೂ ತಿಳಿಸಿರಿ. ಉಗುರು ಇಳಿಯುವ ಬಲತುದಿಯ ಮಾತು ಬೇರೆ. ಅದು ತೋಳಿನ ಮೇಲೆ ಕುಳಿತ ಭಾಗ, ಭಾರವನ್ನೆಲ್ಲ ಹೊರುವ ಭಾಗ. ಅದಕ್ಕೆ ಯಾವ ಲೇಪವೂ ಬಲವನ್ನು ಕೊಡದು. ಈ ಕಾಗದವನ್ನು ಓದಿದ ದಿನವೇ ಹಲಗೆಯ ಮೇಲಿನ ಭಾರವನ್ನು ಇಳಿಸಿರಿ; ಕೆಳಗೆ ಬಟ್ಟೆ ಹಾಕಲು ಬಗ್ಗುವವರ ತಲೆಯ ಮೇಲೆ ಐದು ಕಿಲೋ ಪುಡಿಯ ಡಬ್ಬಿ ಬೀಳುವುದನ್ನು ಕಾಯಬಾರದು. ಯಜಮಾನರ ಆತಂಕವು ಇಷ್ಟರಮಟ್ಟಿಗೆ ನ್ಯಾಯವಾದುದೇ. ಆದರೆ ಒಂದು ತುದಿ ಕೊಳೆತುದಕ್ಕಾಗಿ ಆರಡಿಯನ್ನೂ ಬಿಸುಡಬೇಕಾಗಿಲ್ಲ. ದಬ್ಬಣದಿಂದ ಪರೀಕ್ಷಿಸಿ, ಗಟ್ಟಿಮರ ಸಿಕ್ಕುವಲ್ಲಿಂದ ಇನ್ನೂ ಒಂದು ಗೇಣು ಒಳಗೆ ಕೊಯ್ಯಿಸಿರಿ. ಉಳಿದ ನಾಲ್ಕು ನಾಲ್ಕೂವರೆ ಅಡಿಯನ್ನು ಒಗೆಯುವ ಕೋಣೆಗೆ ಮರಳಿ ತಾರದೆ, ಅತ್ತೆಯವರ ಕೋಣೆಯಲ್ಲಿ, ಅವರ ಪುಸ್ತಕಕ್ಕೋ ದೇವರ ಸಾಮಗ್ರಿಗೋ ನಾಗಂದಿಗೆಯಾಗಿ ನಿಲ್ಲಿಸಿರಿ. ಅಲ್ಲಿ ಅರಗಿನ ಪಾಲಿಷನ್ನೇ ಹಚ್ಚಿಸಬಹುದು. ಎಲ್ಲಿ ಕೊಯ್ಯಬೇಕು, ಯಾವ ಮುಖ ಮೇಲಿರಬೇಕು ಎಂಬುದನ್ನು ಅತ್ತೆಯವರನ್ನೇ ಕೇಳಿ ಮಾಡಿಸಿರಿ. ಹಲಗೆಯನ್ನು ಉಳಿಸಿಕೊಡುವುದಕ್ಕಿಂತ ಆ ಕೇಳುವಿಕೆಯು ಅವರಿಗೆ ದೊಡ್ಡದಾದೀತು.

ಒಗೆಯುವ ಯಂತ್ರದ ಮೇಲೆ ಹೊಸ ಹಲಗೆಯನ್ನು ಹಾಕಿಸುವವರಿಗೆ ಒಂದು ಮಾತು. ಮರದ ಚೂರನ್ನು ಅಂಟಿನಿಂದ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡು ಅಗ್ಗವೆಂದು ಮೋಸಹೋಗಬೇಡಿರಿ. ಅದರ ಅಂಚಿಗೆ ನೀರು ತಾಗಿದರೆ ಹಪ್ಪಳದಂತೆ ಉಬ್ಬುವುದು. ಉಬ್ಬಿದುದು ಮತ್ತೆ ಇಳಿಯದು. ಪ್ಲೈವುಡ್ಡನ್ನು ಕೊಳ್ಳುವುದಾದರೆ ಐ. ಎಸ್. ೭೧೦ ಎಂಬ ಮಾನಕದ ಗುರುತನ್ನು ನೋಡಿರಿ. ಅದು ನೀರಿಗೆ ಅಂಜದ ಬಗೆ. ಅದಕ್ಕೆ ಸನ್‌ಮೈಕಾ ಹೊದಿಸಿದರೂ ಅಂಚುಗಳನ್ನು ಮುಚ್ಚಿಸದೆ ಬಿಡಬೇಡಿರಿ.

ತೇಗದ ಸಸಿಯೊಂದು ಒಳ್ಳೆಯ ಹಲಗೆಯನ್ನು ಕೊಡುವಷ್ಟು ಬಲಿಯಲು ಅರ್ಧ ಶತಮಾನ ಹಿಡಿಯುತ್ತದೆ. ನೆಟ್ಟವನು ಅದರ ಫಲವನ್ನು ಕಾಣುವುದು ಅಪರೂಪ. ಅಂಥ ವಸ್ತುವನ್ನು ಕಾಪಾಡಲು ನಮ್ಮಿಂದ ಬೇಕಾದುದು ಬಹು ಸ್ವಲ್ಪ: ಮುಚ್ಚಳವನ್ನು ತಿರುಗಿಸುವ ಮುನ್ನ ಶೀಶೆಯ ಬಾಯಿಯನ್ನು ಒಮ್ಮೆ ಒರೆಸುವುದು. ಅದಕ್ಕಾಗಿ ಒಂದು ತುಂಡು ಬಟ್ಟೆಯನ್ನು ತಟ್ಟೆಯ ಪಕ್ಕದ ಮೊಳೆಗೆ ಇಂದೇ ತೂಗುಹಾಕಿರಿ. ದೂರದಲ್ಲಿರುವ ಬಟ್ಟೆಯನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಕೈಗೆ ತಾಗುವ ಬಟ್ಟೆಯನ್ನು ಮಕ್ಕಳೂ ಬಳಸುತ್ತಾರೆ.

ಮುಂದಿನ ಸಂಚಿಕೆಯಲ್ಲಿ ಗೆದ್ದಲಿನ ವಿಷಯವನ್ನು ವಿಚಾರಿಸೋಣ.